ಕ್ಯಾಪ್ಟನ್‌ಗೆ ಪೇಟ ತೊಡಿಸಿದ್ದು

ಒಬ್ಬ ಮನುಷ್ಯನನ್ನು ಬೇಡ ಅನ್ನಬೇಕಾದರೆ ಬೇಡ ಅನ್ನಬೇಕು. ಎದುರಿಗೆ ಕೂರಿಸಿ, ಒಂದು ಲೋಟ ಚಹಾ ಕೊಟ್ಟು, ನಾಳೆಯಿಂದ ಬರುವುದು ಬೇಡ ಎಂದು ಬಾಯಿಬಿಟ್ಟು ಹೇಳಬೇಕು. ಅಷ್ಟು ಧೈರ್ಯವಿಲ್ಲದ ಗಂಡಸರೆಲ್ಲ ಸೇರಿ ಶಾಲು, ಹಾರ, ಹಣ್ಣಿನ ಬುಟ್ಟಿ ತರಿಸುತ್ತಾರೆ. ನನ್ನ ಗಂಡ ಆ ಗುಂಪಿನಲ್ಲಿ ಒಬ್ಬರು, ಕನ್ನಡ ಸಂಘದ ಕ್ರೀಡಾ ಕಾರ್ಯದರ್ಶಿ ಬೇರೆ. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ನಾನು ಕುವೈತಿನ ಒಂದು ಫುಟ್‌ಬಾಲ್ ಕ್ಲಬ್ಬಿನ ಆಫೀಸಿನಲ್ಲಿ ಕೆಲಸ ಮಾಡುವವಳು. ದೊಡ್ಡ ಕ್ಲಬ್ಬಲ್ಲ, ಗೆದ್ದರೆ ಮಾತ್ರ ಸುದ್ದಿಯಾಗುವಂಥದ್ದು. ಹೊರದೇಶದಿಂದ ಬರುವ ಕೋಚ್‌ಗಳ ಇಕಾಮಾ ಎಂಬ ವಾಸದ ಪರವಾನಗಿ, ಫ್ಲಾಟು, ಸಿಮ್ ಕಾರ್ಡು, ಮೆಡಿಕಲ್, ಬೆರಳಚ್ಚು ಎಲ್ಲ ನನ್ನ ಪಾಲಿನದು. ತಂಡ ಸೋತರೆ ಕೋಚ್ ಹೋಗುತ್ತಾರೆ. ಇನ್ನೊಬ್ಬರು ಬರುತ್ತಾರೆ. ನಾನು ಮತ್ತೆ ಮೊದಲಿನಿಂದ ಫೈಲು ಹಿಡಿದು ಓಡುತ್ತೇನೆ. ನಮ್ಮ ಕ್ಲಬ್ಬಿನಲ್ಲಿ ಸೀಸನ್ ಪೂರ್ತಿ ತಪ್ಪದೆ ಓಡುವವಳು ನಾನೊಬ್ಬಳೇ ಎಂದು ಎಷ್ಟೋ ಸಲ ಅನಿಸಿದೆ.

ಹೀಗೆ ಬಂದವರಲ್ಲಿ ಬ್ರೆಜಿಲ್ಲಿನ ಈ ಕೋಚ್ ಒಬ್ಬರು. ಅರವತ್ತು ದಾಟಿದವರು, ಗಿಡ್ಡ ಆಳು, ನಡೆಯುವಾಗ ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದರು. ಇಲ್ಲಿ ಕೋಚ್‌ಗಳನ್ನು ಕ್ಯಾಪ್ಟನ್ ಎಂದು ಕರೆಯುವುದು ರೂಢಿ. ಚಹಾ ತರುವವನಿಂದ ಹಿಡಿದು ಕ್ಲಬ್ಬಿನ ಅಧ್ಯಕ್ಷರವರೆಗೆ ಎಲ್ಲರಿಗೂ ಅವರು ಕ್ಯಾಪ್ಟನ್. ಗಲ್ಫಿನ ಊರೂರು ಸುತ್ತಿ ಹೆಕ್ಕಿಕೊಂಡ ಇಂಗ್ಲಿಷು, ಅದಕ್ಕೆ ನಾಲ್ಕಾರು ಅರಬ್ಬಿ ಮಾತು ಸೇರಿಸಿ ಅವರು ಆಡುವ ಭಾಷೆ ನನಗೆ ಎರಡೇ ದಿನದಲ್ಲಿ ಪಳಗಿತು. ನಾನು ಕರಾವಳಿಯವಳು, ಮನೆಯಲ್ಲಿ ಕೊಂಕಣಿ. ಒಂದು ದಿನ ಫೋನಿನಲ್ಲಿ ನನ್ನ ತಂಗಿಗೆ ಜನೆಲ್, ಮೇಜ್ ಎಂದೆಲ್ಲ ಹೇಳುತ್ತಿದ್ದಾಗ ಅವರು ತಿರುಗಿ ನೋಡಿದರು. ಅವರ ಭಾಷೆಯಲ್ಲೂ ಕಿಟಕಿಗೂ ಮೇಜಿಗೂ ಹೆಚ್ಚುಕಮ್ಮಿ ಅದೇ ಹೆಸರಂತೆ. ಅಂದಿನಿಂದ ಅವರಿಗೆ ನಾನು ದೂರದ ನೆಂಟಳ ಹಾಗೆ ಆಗಿಬಿಟ್ಟೆ. ನೆಂಟಸ್ತಿಕೆ ಅಂದಮೇಲೆ ಉಪದ್ರವೂ ಇರುತ್ತದೆ. ವಾಷಿಂಗ್ ಮಷೀನ್ ಕೆಟ್ಟರೂ ನನಗೇ ಫೋನು.

ಅವರ ಜೀವಮಾನದ ಕೆಲಸವನ್ನು ನಾನು ಕೇಳಿ ತಿಳಿದದ್ದು ಸರಕಾರಿ ಕಚೇರಿಗಳ ಕುರ್ಚಿಗಳ ಮೇಲೆ, ನಮ್ಮ ಟೋಕನ್ ಬರುವವರೆಗೆ. ಬ್ರೆಜಿಲ್ಲಿನ ಒಳನಾಡಿನಲ್ಲಿ ಸಕ್ಕರೆ ಕಾರ್ಖಾನೆಯ ಊರು ಅವರದು. ಕಾರ್ಖಾನೆಯ ತಂಡದಲ್ಲಿ ಎಡಬದಿ ಕಾಯುತ್ತಿದ್ದರು. ಮೊಣಕಾಲು ಹೋಯಿತು, ಆಟ ನಿಂತಿತು. ಆಮೇಲೆ ದೊಡ್ಡ ಕೋಚ್ ಒಬ್ಬರ ಹಿಂದೆ, ಆಟಗಾರರಿಗೆ ವ್ಯಾಯಾಮ ಮಾಡಿಸುವ ಕೆಲಸಕ್ಕೆ ಸೌದಿಗೆ ಬಂದರು. ಆ ದೊಡ್ಡ ಕೋಚನ್ನು ಒಂದು ಸಂಜೆ ತೆಗೆದುಹಾಕಿ, ಇವತ್ತಿನ ಮಟ್ಟಿಗೆ ನೀನು ನಿಂತುಕೋ ಎಂದು ಇವರನ್ನು ನಿಲ್ಲಿಸಿದರು. ಅಂದು ನಿಂತವರು ನಿಂತೇ ಇದ್ದಾರೆ, ಆದರೆ ಒಂದೇ ಕಡೆಯಲ್ಲಲ್ಲ. ಓಮನ್, ಬಹರೇನ್, ಕತಾರ್, ಮಲೇಷ್ಯಾ, ಮತ್ತೆ ಓಮನ್. ಯಾರನ್ನೋ ತೆಗೆದಾಗ ಇವರನ್ನು ಕರೆಯುತ್ತಾರೆ, ಇವರನ್ನು ತೆಗೆದಾಗ ಇನ್ಯಾರನ್ನೋ. ಒಂದು ಸೀಸನ್ನನ್ನು ಶುರುವಿನಿಂದ ಕೊನೆಯ ಆಟದವರೆಗೆ ಒಂದೇ ತಂಡದ ಜೊತೆ ಮುಗಿಸಿದ್ದು ಇಲ್ಲವೇ ಇಲ್ಲವಂತೆ. ಹೋದ ಮದುವೆಗಳಲ್ಲೆಲ್ಲ ಊಟಕ್ಕೆ ಮೊದಲೇ ಎದ್ದು ಬಂದ ಹಾಗೆ. ಕಪ್ ಗೆಲ್ಲುವ ಆಸೆ ಅವರಿಗೆ ಎಂದೋ ಹೋಗಿತ್ತು. ಒಂದು ಸಲ, ಒಂದೇ ಒಂದು ಸಲ, ಹಿಡಿದದ್ದನ್ನು ಕೊನೆ ಮುಟ್ಟಿಸಬೇಕು ಎನ್ನುವುದು ಮಾತ್ರ ಉಳಿದಿತ್ತು.

ನಮ್ಮ ಕ್ಲಬ್ಬಿನಲ್ಲೂ ಆಗಲಿಲ್ಲ. ಆ ವರ್ಷ ಮನೆಗಳಲ್ಲಿ ಇನ್ನೂ ಎ.ಸಿ. ನಿಲ್ಲಿಸುವ ಕಾಲ ಬಂದಿರಲಿಲ್ಲ, ಅಷ್ಟರಲ್ಲೇ ಅವರ ಖಲಾಸ್ ಆಯಿತು. ಇಂಥ ತೀರ್ಮಾನಗಳು ಆಗುವುದು ಮೈದಾನದಲ್ಲಲ್ಲ, ದೊಡ್ಡವರ ಮನೆಯ ದಿವಾನಿಯಾದಲ್ಲಿ, ಗಂಡಸರೆಲ್ಲ ಒರಗಿಕೊಂಡು ಚಹಾ ಕುಡಿಯುವ ಹೊತ್ತಿನಲ್ಲಿ. ಬೆಳಿಗ್ಗೆ ಕ್ಯಾಪ್ಟನ್ ಬಂದಾಗ ಅವರ ಕಾರ್ಡಿಗೆ ಗೇಟು ತೆರೆಯಲಿಲ್ಲ. ಆಟಗಾರರಿಗೆ ಒಂದು ಮಾತು ಹೇಳಿ ಬರುತ್ತೇನೆ ಎಂದು ಕೇಳಿಕೊಂಡರು. ಗೇಟಿನವನು ಒಳ್ಳೆಯವನೇ, ಆದರೆ ಅವನಿಗೂ ಸಂಬಳ ಬೇಕು, ಬಿಡಲಿಲ್ಲ. ಅವರ ಬೂಟು, ವಿಸಲ್, ಕಾಫಿ ಕಪ್ಪು ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ ನಾನೇ ಹೊರಗೆ ಒಯ್ದು ಕೊಟ್ಟೆ. ಅವರು ಪೆಟ್ಟಿಗೆ ತೆಗೆದುಕೊಂಡು, ಥ್ಯಾಂಕ್ಯೂ ಮೇಡಂ ಎಂದು ರಸ್ತೆ ದಾಟಿದರು. ನಾನು ಒಳಗೆ ಬಂದು ಹೊಸ ಕೋಚಿನ ಪಾಸ್‌ಪೋರ್ಟ್ ಪ್ರತಿ ತೆಗೆದೆ.

ಕಾಗದಪತ್ರ ಮುಗಿಯುವವರೆಗೆ ಫ್ಲಾಟು ಅವರದೇ. ಕಾಗದಪತ್ರ ಇಲ್ಲಿ ಬುಕ್ರಾ, ಬುಕ್ರಾ ಎಂದು ನಾಳೆಗೆ ನಾಳೆ ಎಳೆಯುತ್ತದೆ. ಅವರಿಗೂ ಊರಿಗೆ ಹೋಗುವ ಅವಸರವಿರಲಿಲ್ಲ. ಹತ್ತಿರದಲ್ಲೇ ಇದ್ದರೆ ಯಾರಾದರೂ ಸೋತಾಗ ತಕ್ಷಣ ಕರೆಯುತ್ತಾರೆ ಎಂದು ಫೋನು ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ಇಲ್ಲಿ ವಾರದ ರಜೆ ಶುಕ್ರವಾರ, ಆ ದಿನದ ಬಲಿಪೂಜೆಗೆ ನಮ್ಮದೇ ಇಗರ್ಜಿಗೆ ಬರುತ್ತಿದ್ದರು. ಅಲ್ಲಿ ನನ್ನ ಗಂಡ ಅವರನ್ನು ಹಿಡಿದರು.

ನನ್ನ ಗಂಡನಿಗೆ ಕೆಲಸ ರಿಫೈನರಿಯಲ್ಲಿ, ನಾವಿರುವುದು ಮಂಗಫ್‌ನಲ್ಲಿ. ವಾರವಿಡೀ ಕಂಪನಿ ಬಸ್ಸು, ವಾರದ ಕೊನೆಗೆ ಕನ್ನಡ ಸಂಘ. ಸಂಘಕ್ಕೆ ಒಂದು ಫುಟ್‌ಬಾಲ್ ತಂಡವಿದೆ. ಪ್ರತಿ ಚಳಿಗಾಲ ಇಲ್ಲಿಯ ಭಾರತೀಯರ ತಂಡಗಳ ನಡುವೆ ಒಂದು ಟೂರ್ನಮೆಂಟ್ ನಡೆಯುತ್ತದೆ. ಪ್ರತಿ ಚಳಿಗಾಲ ನಾವು ಮೊದಲ ಆಟದಲ್ಲೇ ಗೋವಾದವರಿಗೋ ಕೇರಳದವರಿಗೋ ಸೋತು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತೇವೆ. ಆ ವರ್ಷವೂ ಸೋತೆವು, ಅದನ್ನು ಈಗಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಈ ಕತೆ ಅದರದ್ದಲ್ಲ.

"ಪಾಪ, ಮನೆಯಲ್ಲಿ ಸುಮ್ನೆ ಕೂತಿದ್ದಾರೆ. ನಮ್ಮವರಿಗೆ ನಾಲ್ಕು ದಿನ ಹೇಳಿಕೊಟ್ರೆ ಅವರಿಗೂ ಹೊತ್ತು ಹೋಗ್ತದೆ," ಎಂದರು ನನ್ನ ಗಂಡ.

"ಅವರು ಸುಮ್ನೆ ಹೇಳಿಕೊಡುವವರಲ್ಲ. ಆಟ ಅಂದ್ರೆ ಆಟ ಅವರಿಗೆ. ಆಮೇಲೆ ನನ್ನತ್ರ ಬರ್ಬೇಡಿ," ಎಂದೆ ನಾನು.

ನಮ್ಮವರ ಪ್ರಾಕ್ಟೀಸ್ ಎಂದರೆ ಏನು ಎಂದು ಸ್ವಲ್ಪ ಹೇಳಬೇಕು. ಕಟ್ಟಡಗಳ ಹಿಂದೆ ಒಂದು ಖಾಲಿ ಮರಳು ಜಾಗ, ಬೇಲಿಯೂ ಇಲ್ಲ, ಹುಲ್ಲೂ ಇಲ್ಲ. ಒಂದು ಮೂಲೆಯಲ್ಲಿ ಆಂಧ್ರದವರ ಕ್ರಿಕೆಟ್. ನಮ್ಮವರು ಬಂದು ಚಾಪೆ ಹಾಸುತ್ತಾರೆ. ಕರಾವಳಿಯ ಮನೆಗಳಿಂದ ಬನ್ಸು, ಮೈಸೂರು ಕಡೆಯವರಿಂದ ಪುಳಿಯೋಗರೆ, ಎರಡು ಫ್ಲಾಸ್ಕ್ ಚಹಾ. ಅರ್ಧ ಗಂಟೆ ಚೆಂಡನ್ನು ಹಿಂದೆ ಮುಂದೆ ಒದ್ದು, ಉಳಿದ ಹೊತ್ತು ಊರಿನ ರಾಜಕೀಯ. ಬ್ಯಾಂಕಿನವರು, ಇಂಜಿನಿಯರುಗಳು, ಆಸ್ಪತ್ರೆಯವರು, ಎಲ್ಲ ಸಂಸಾರವಂದಿಗರು. ಅವರಿಗೆ ಬೇಕಾದದ್ದು ಅಷ್ಟೇ ಆಗಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ, ಬ್ರೆಜಿಲ್ಲಿನಿಂದ ಒಬ್ಬ ಕೋಚನ್ನು ತಂದು ನಿಲ್ಲಿಸದೆ ಇದ್ದಿದ್ದರೆ.

ಕ್ಯಾಪ್ಟನ್ ಮೊದಲ ದಿನವೇ ಚಾಪೆ ಮಡಿಸಿಸಿದರು. ತಿಂಡಿ ಆಟದ ನಂತರ. ಮರಳಿನ ಮೇಲೆ ಕಿತ್ತಳೆ ಬಣ್ಣದ ಕೋನುಗಳನ್ನು ಸಾಲಾಗಿ ಇಟ್ಟು, ವಿಸಲ್ ಊದಿ, ಯಲ್ಲಾ, ಅಂದರೆ ಹೊರಡಿ, ಮೈದಾನದ ಸುತ್ತ ಓಡಿ ಎಂದರು. ನಮ್ಮವರು ಅರ್ಧ ಸುತ್ತಿಗೆ ಸೊಂಟ ಹಿಡಿದು ನಿಂತರು. ಒಬ್ಬರಿಗೆ ಬಿ.ಪಿ., ಇನ್ನೊಬ್ಬರಿಗೆ ಮೊನ್ನೆಯಷ್ಟೇ ಬೆನ್ನು ಹಿಡಿದಿತ್ತು, ನನ್ನ ಗಂಡನಿಗೆ ಬೂಟಿನಲ್ಲಿ ಕಲ್ಲು. ಕ್ಯಾಪ್ಟನ್ ಬೈಯಲಿಲ್ಲ. ತಾವೇ ಎಡಗಾಲು ಎಳೆಯುತ್ತ ಓಡಿ ತೋರಿಸಿದರು. ಆಟ ಮುಗಿದ ಮೇಲೆ ನನ್ನ ಪಕ್ಕ ಕೂತು ಎರಡು ಬನ್ಸು ತಿಂದು, ಇದರಲ್ಲಿ ಬಾಳೆಹಣ್ಣು ಇದೆಯೇ ಎಂದು ಕೇಳಿದರು.

ಕೆಲವು ಶುಕ್ರವಾರಗಳಲ್ಲಿ ನಿಜಕ್ಕೂ ಏನೋ ಆಗತೊಡಗಿತ್ತು. ಚೆಂಡು ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು. ಕ್ರಿಕೆಟ್‌ನವರು ಆಟ ನಿಲ್ಲಿಸಿ ನೋಡಿದ್ದೂ ಇದೆ. ನನ್ನ ಗಂಡ ಮನೆಯಲ್ಲಿ ಅನ್ನ ಕಡಿಮೆ ಹಾಕು ಎಂದರು. ಅಷ್ಟರಲ್ಲಿ ಕ್ಯಾಪ್ಟನ್ ಟೂರ್ನಮೆಂಟಿಗೆ ತಂಡ ಆರಿಸಿದರು, ಅಧ್ಯಕ್ಷರನ್ನು ಬೆಂಚಿನಲ್ಲಿ ಕೂರಿಸಿದರು.

ಸಂಘದ ಅಧ್ಯಕ್ಷರು ಮೈಸೂರು ಕಡೆಯವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಇನ್ನೇನು ನಿವೃತ್ತಿ. ತುಂಬಾ ಸಭ್ಯರು, ಯಾರಿಗೆ ಕಷ್ಟ ಬಂದರೂ ಮೊದಲು ಓಡಿಬರುವವರು. ತಂಡ ಕಟ್ಟಿದ್ದೂ ಅವರೇ. ಅದಕ್ಕೇ ಪ್ರತಿ ವರ್ಷ ಮುಂದಿನ ಸಾಲಿನಲ್ಲಿ ನಡುವೆ ನಿಲ್ಲುವವರು ಅವರೇ, ಹೊಟ್ಟೆ ಎಷ್ಟೇ ಮುಂದೆ ಬಂದಿರಲಿ. ಅದು ನಮ್ಮಲ್ಲಿ ಯಾರೂ ಪ್ರಶ್ನೆ ಮಾಡದ ಪದ್ಧತಿ. ಕ್ಯಾಪ್ಟನ್‌ಗೆ ಪದ್ಧತಿ ಗೊತ್ತಿರಲಿಲ್ಲ, ಹೇಳಬೇಕಾಗಿದ್ದವರು ಹೇಳಿರಲಿಲ್ಲ. ಎಲ್ಲರೆದುರು ಅಧ್ಯಕ್ಷರ ಹೆಗಲ ಮೇಲೆ ಕೈಯಿಟ್ಟು, "ನೀವು ಕೊನೆಯ ಐದು ನಿಮಿಷ, ನಾವು ಗೆಲ್ಲುತ್ತಿದ್ದರೆ," ಎಂದರು. ಅಧ್ಯಕ್ಷರು ನಕ್ಕರು. ಆ ನಗುವನ್ನು ನೋಡಿದ ಕನ್ನಡದವರಿಗೆ ಯಾರಿಗಾದರೂ ಮುಂದೇನು ಎಂದು ತಿಳಿಯಬೇಕಿತ್ತು.

ಕಾರ್ಯಕಾರಿ ಸಮಿತಿ ಸೇರಿತು. ಕೋಚ್ ಬೇಡ ಎಂದು ಯಾರೂ ಅನ್ನಲಿಲ್ಲ. ಅನ್ನುವುದೇ ಇಲ್ಲ ನಮ್ಮವರು. ಇಷ್ಟು ದಿನ ಸೇವೆ ಸಲ್ಲಿಸಿದ್ದಾರೆ, ರಾಜ್ಯೋತ್ಸವದ ದಿನ ಸನ್ಮಾನ ಮಾಡಿ ಗೌರವದಿಂದ ಬೀಳ್ಕೊಡೋಣ ಎಂದು ಒಮ್ಮತದಿಂದ ತೀರ್ಮಾನವಾಯಿತು. ತಂಡ ಮತ್ತೆ ಅಧ್ಯಕ್ಷರ ಕೈಗೆ. ನನ್ನ ಗಂಡ ಇದನ್ನು ಮನೆಗೆ ಬಂದು ಚಪ್ಪಲಿ ಬಿಡುತ್ತ ಹೇಳಿದರು, ಹಾಲು ತರಲು ಮರೆತೆ ಎನ್ನುವ ದನಿಯಲ್ಲಿ.

ನನಗೆ ಆ ಹೊತ್ತಿಗೆ ಇನ್ನೊಂದು ವಿಷಯ ಗೊತ್ತಿತ್ತು. ಬಹರೇನಿನ ಒಂದು ಕ್ಲಬ್ಬು ಕ್ಯಾಪ್ಟನ್‌ಗೆ ಫೋನು ಮಾಡಿತ್ತು, ತಕ್ಷಣ ಬನ್ನಿ ಎಂದಿತ್ತು. ಅವರು, ನನಗೆ ಇಲ್ಲಿ ಒಂದು ಟೂರ್ನಮೆಂಟ್ ಇದೆ, ಅದು ಮುಗಿಸಿ ಬರುತ್ತೇನೆ ಎಂದಿದ್ದರು. ಯಾವ ಟೂರ್ನಮೆಂಟ್ ಎಂದು ಆ ಕ್ಲಬ್ಬಿನವರು ಕೇಳಿದಾಗ ಹೇಳಲು ನಾಚಿಕೆಯಾಯಿತಂತೆ. ಅದನ್ನು ನನಗೆ ಹೇಳಿ ತಾವೇ ನಕ್ಕಿದ್ದರು. "ಈ ಸಲ ಕೊನೆಯ ಆಟದವರೆಗೆ ನಾನಿರುತ್ತೇನೆ ಮೇಡಂ, ಇನ್‌ಷಾ ಅಲ್ಲಾ," ಎಂದಿದ್ದರು.

ಇದನ್ನು ನನ್ನ ಗಂಡನಿಗೆ ಹೇಳಿದೆ.

"ಈಗ ಎಂತ ಮಾಡುದು ಮಾರಾಯ್ತಿ," ಎಂದರು. "ಪೇಟ ಮೈಸೂರಿಂದ ಬಂದಾಯ್ತಲ್ಲ."

ಮನೆಯಲ್ಲಿ ನಾವು ಜಗಳವಾಡುವುದು ಕೊಂಕಣಿಯಲ್ಲಿ. ಆ ದಿನ ನಾನು ಆಡಿದ್ದನ್ನು ಕನ್ನಡಕ್ಕೆ ತರುವುದಿಲ್ಲ.

ಅಧ್ಯಕ್ಷರಿಗೂ ಫೋನು ಮಾಡಿದೆ. "ನೋಡಿ ಮೇಡಂ, ಅವ್ರಿಗೆ ಒಂಚೂರೂ ಬೇಜಾರಾಗ್ಬಾರ್ದು. ಅದಕ್ಕೇ ಇಷ್ಟೆಲ್ಲಾ ಮಾಡ್ತಿರೋದು," ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ನನಗೆ ತಡೆಯಲಾಗದೆ ಹೋದದ್ದು ಅದೇ.

ರಾಜ್ಯೋತ್ಸವ ನಡೆದದ್ದು ಒಂದು ಶಾಲೆಯ ಸಭಾಂಗಣದಲ್ಲಿ. ಮಕ್ಕಳ ನೃತ್ಯ, ಭಾಷಣ, ಮತ್ತೆ ಭಾಷಣ. ಕ್ಯಾಪ್ಟನ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಮುಂದಿನ ಸಾಲಿನಲ್ಲಿ ಕೂತಿದ್ದರು. ವೇದಿಕೆಗೆ ಕರೆದರು. ಗಂಧದ ಹಾರ, ಕೆಂಪಂಚಿನ ಶಾಲು, ಜರಿಯ ಮೈಸೂರು ಪೇಟ, ಗಾಜಿನ ಪೆಟ್ಟಿಗೆಯೊಳಗೆ ಅಂಬಾರಿ ಆನೆ, ಸೆಲ್ಲೊಫೇನ್ ಸುತ್ತಿದ ಹಣ್ಣಿನ ಬುಟ್ಟಿ. ಪೇಟ ಅವರ ತಲೆಗೆ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಅಧ್ಯಕ್ಷರು ಕನ್ನಡದಲ್ಲಿ ಒಳ್ಳೆಯ ಮಾತುಗಳನ್ನೇ ಆಡಿ, ಕೊನೆಗೆ ಅವರನ್ನು ಬಿಗಿಯಾಗಿ ಅಪ್ಪಿಕೊಂಡರು. ಚಪ್ಪಾಳೆ ಜೋರಾಗಿಯೇ ಬಿತ್ತು. ಕ್ಯಾಪ್ಟನ್ ಸಭೆಗೆ ಕೈಮುಗಿದರು, ಯಾರು ಹೇಳಿಕೊಟ್ಟರೋ. ಅವರ ಕಣ್ಣು ಒದ್ದೆಯಾಗಿತ್ತು. ನಾನು ಹಿಂದಿನ ಸಾಲಿನಲ್ಲಿ ಕೂತು ಹಲ್ಲು ಕಚ್ಚುತ್ತಿದ್ದೆ.

ಕಾರ್ಯಕ್ರಮದ ನಂತರ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವ ಜವಾಬ್ದಾರಿ ನನ್ನ ಗಂಡನದು. ಊಟದ ಸಾಲಿನಲ್ಲಿ ಅವರಿಬ್ಬರೂ ಪಕ್ಕಪಕ್ಕ ನಿಂತಿದ್ದು ಕಂಡಿತು. ಹೋಳಿಗೆಗೆ ತುಪ್ಪ ಹಾಕಿಕೊಳ್ಳಿ ಎಂದು ಹೇಳುತ್ತಿದ್ದರು ಅಷ್ಟೆ. ಕಾರಿನಲ್ಲಿ ಕೇಳಿದೆ, ಹೇಳಿದಿರಾ ಎಂದು.

"ಹೇಳ್ಲಿಕ್ಕೆ ಆಗ್ಲಿಲ್ಲ. ಅಷ್ಟು ಖುಷಿಯಲ್ಲಿದ್ರು. ಅವರಿಗೆ ಅರ್ಥ ಆಗಿರ್ತದೆ ಬಿಡು."

ಮುಂದಿನ ಶುಕ್ರವಾರ ಬೆಳಿಗ್ಗೆ ಬನ್ಸಿನ ಡಬ್ಬಿ ಕಟ್ಟುತ್ತಿದ್ದೆ. ಇವತ್ತು ಡಬ್ಬಿ ಫಹಾಹೀಲ್ ಕಡೆಯ ಮೈದಾನಕ್ಕೆ ತಾ, ಪ್ರಾಕ್ಟೀಸ್ ಅಲ್ಲಿ ಎಂದರು ನನ್ನ ಗಂಡ, ಬೂಟಿನ ಲೇಸು ಕಟ್ಟುತ್ತ, ತಲೆ ಎತ್ತದೆ. ಅಲ್ಲಿ ಯಾಕೆ ಎಂದೆ. ಜಾಗ ಚೆನ್ನಾಗಿದೆ ಎಂದರು. ಕ್ಯಾಪ್ಟನ್‌ಗೆ ಗೊತ್ತೇ ಎಂದೆ. ಲೇಸು ಬಹಳ ಹೊತ್ತು ಕಟ್ಟಿದರು.

ಒಬ್ಬ ಮುದುಕನನ್ನು ತಪ್ಪಿಸಿಕೊಳ್ಳಲು ಇಡೀ ಸಂಘ ಮೈದಾನ ಬದಲಿಸಿತ್ತು. ನಾನು ಡಬ್ಬಿ ಹಿಡಿದು, ಕಾರು ತೆಗೆದು ನಮ್ಮ ಹಳೆಯ ಮರಳು ಜಾಗಕ್ಕೆ ಹೋದೆ.

ಕ್ಯಾಪ್ಟನ್ ಅಲ್ಲಿದ್ದರು. ಕಿತ್ತಳೆ ಕೋನುಗಳನ್ನು ಸಾಲಾಗಿ ಇಟ್ಟು ಮುಗಿಸಿದ್ದರು. ಟ್ರ್ಯಾಕ್ ಸೂಟಿನ ಮೇಲೆ ಶಾಲು, ತಲೆಯ ಮೇಲೆ ಮೈಸೂರು ಪೇಟ, ಕೊರಳಲ್ಲಿ ವಿಸಲ್. ಕ್ರಿಕೆಟ್‌ನವರು ಬ್ಯಾಟು ಊರಿಕೊಂಡು ನೋಡುತ್ತಿದ್ದರು. ನನಗೆ ಅಳು ಬಂತೋ ಸಿಟ್ಟು ಬಂತೋ, ಎರಡೂ ಒಟ್ಟಿಗೆ ಬಂದವು. ನಮ್ಮ ಸನ್ಮಾನವನ್ನು ಇವರು ಬಡ್ತಿ ಎಂದು ತಿಳಿದಿದ್ದಾರೆ, ಇನ್ನು ನಾನೇ ಹೇಳಬೇಕು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಬಿಟ್ಟು ನೇರವಾಗಿ ಹೇಳಿಬಿಟ್ಟೆ.

"ಕ್ಯಾಪ್ಟನ್, ಅವರು ಬರುವುದಿಲ್ಲ. ಅವತ್ತು ಮಾಡಿದ್ದು ನಿಮಗೆ ವಿದಾಯ. ತಂಡಕ್ಕೆ ಈಗ ಕೋಚ್ ಇಲ್ಲ."

"ಗೊತ್ತು ಮೇಡಂ," ಎಂದರು ಅವರು.

ಹೇಗೆ ಗೊತ್ತು ಎಂದೆ.

"ಅಧ್ಯಕ್ಷರು ಅಪ್ಪಿಕೊಂಡರಲ್ಲ, ಆಗಲೇ ಗೊತ್ತಾಯಿತು. ಅಧ್ಯಕ್ಷರು ಅಪ್ಪಿಕೊಂಡರೆ ಖಲಾಸ್. ಎಲ್ಲ ದೇಶದಲ್ಲೂ ಹಾಗೇ." ಪೇಟವನ್ನು ಹುಬ್ಬಿನಿಂದ ಮೇಲೆ ಸರಿಸಿದರು. "ಆದರೆ ಹೂವಿನ ಹಾರ ಹಾಕಿ ಯಾರೂ ಕಳಿಸಿರಲಿಲ್ಲ. ನಿಮ್ಮವರು ಒಳ್ಳೆಯವರು."

ಗಂಧದ ಹಾರ ಅದು, ಹೂವಿನದಲ್ಲ ಎಂದು ತಿದ್ದುವ ಮನಸ್ಸಾಗಲಿಲ್ಲ. "ಗೊತ್ತಿದ್ದೂ ಯಾಕೆ ಬಂದಿರಿ ಮತ್ತೆ? ಈ ಬಿಸಿಲಿಗೆ, ಈ ವೇಷದಲ್ಲಿ?" ಎಂದೆ. ಅವರನ್ನೂ ಬಯ್ಯುವಷ್ಟು ಸಿಟ್ಟು ನನಗೆ ಬಂದಿತ್ತು.

ಅವರು ಸುತ್ತ ನೋಡಿದರು. ಮರಳು, ದೂರದಲ್ಲಿ ಕಟ್ಟಡಗಳು, ನಡುವೆ ಏನೂ ಇಲ್ಲ.

"ಇಲ್ಲಿ ಗೇಟು ಇಲ್ಲ ಮೇಡಂ," ಎಂದರು. "ಇಷ್ಟು ಕ್ಲಬ್ಬು ಮಾಡಿದೆ. ಎಲ್ಲ ಕಡೆ ಮರುದಿನ ಗೇಟಿನವನು ತಡೆದಿದ್ದಾನೆ. ಆಟಗಾರರಿಗೆ, ನಾನಿನ್ನು ಹೋಗಿಬರುತ್ತೇನೆ ಅಂತ ಒಂದು ಸಲವೂ ಹೇಳಲು ಆಗಿಲ್ಲ. ಇಲ್ಲಿ ಯಾರು ತಡೆಯುತ್ತಾರೆ ಅಂತ ಬಂದೆ. ಅವರು ಕೊಟ್ಟದ್ದನ್ನು ಹಾಕಿಕೊಂಡು ಬಂದರೆ ಮರ್ಯಾದೆ ಅಂತ ಇದನ್ನೂ ಹಾಕಿಕೊಂಡೆ."

ನಾನು ಬಗ್ಗಿ ಕೋನುಗಳನ್ನು ಒಂದೊಂದಾಗಿ ಎತ್ತತೊಡಗಿದೆ. ಅವರು ಬೇಡ, ಬೇಡ ಎಂದರು. ಕಾರಿನಲ್ಲಿ ಕೂತುಕೊಳ್ಳಿ ಎಂದೆ. ನಾನು ಹೇಳಿದ ರೀತಿಗೆ ಅವರು ಮತ್ತೆ ಮಾತಾಡದೆ ಕೂತರು. ಪೇಟ ಕಾರಿನ ಮಾಡಿಗೆ ತಾಗುತ್ತಿತ್ತು, ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಫಹಾಹೀಲ್ ಕಡೆಯ ಮೈದಾನದಲ್ಲಿ ನಮ್ಮವರು ಚಾಪೆ ಹಾಸಿ ಆಗಿತ್ತು. ಪುಳಿಯೋಗರೆ ಡಬ್ಬಿ ತೆರೆದಿತ್ತು. ನನ್ನ ಕಾರು ನಿಂತದ್ದನ್ನು ನೋಡಿ ಬನ್ಸು ಬಂತು ಎಂದು ಒಬ್ಬರು ಎದ್ದರು. ಆಮೇಲೆ ಇನ್ನೊಂದು ಬಾಗಿಲು ತೆರೆಯಿತು, ಕ್ಯಾಪ್ಟನ್ ಇಳಿದು ಪೇಟ ತಲೆಗೆ ಇಟ್ಟುಕೊಂಡರು. ಅಧ್ಯಕ್ಷರು ಬಾಯಿಯಲ್ಲಿದ್ದ ತುತ್ತನ್ನು ಹೇಗೋ ನುಂಗಿದರು. ನನ್ನ ಗಂಡ ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದರು.

"ಕ್ಯಾಪ್ಟನ್ ನಿಮಗೆ ಒಂದು ಮಾತು ಹೇಳಿ ಹೋಗ್ಲಿಕ್ಕೆ ಬಂದಿದ್ದಾರೆ," ಎಂದೆ ನಾನು. "ಎದ್ದು ನಿಲ್ಲಿ ಎಲ್ಲರೂ."

ಎದ್ದು ನಿಂತರು. ಕೈಯನ್ನು ಟವೆಲಿಗೆ ಒರೆಸಿಕೊಂಡು ಶಾಲೆಯ ಮಕ್ಕಳ ಹಾಗೆ ಸಾಲಾದರು. ಕ್ಯಾಪ್ಟನ್ ಅವರೆದುರು ಹೋಗಿ ನಿಂತರು. ಒಬ್ಬೊಬ್ಬರ ಮುಖವನ್ನೂ ನೋಡಿದರು. ಬಾಯಿ ತೆರೆದರು, ಮುಚ್ಚಿದರು. ಶಾಲು ಸರಿಮಾಡಿಕೊಂಡರು. ಮತ್ತೆ ತೆರೆದರು. ನಾನು ಕಾಯುತ್ತ ನಿಂತೆ. ಆಮೇಲೆ ಹೊಳೆಯಿತು, ಅವರಿಗೆ ಏನು ಹೇಳಬೇಕೆಂದೇ ತಿಳಿಯುತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಆ ಮಾತು ಆಡುವ ಸಂದರ್ಭ ಅವರಿಗೆ ಬಂದೇ ಇರಲಿಲ್ಲ.

ಕೊನೆಗೆ ಅವರು ಪೇಟ ತೆಗೆದು ನನ್ನ ಕೈಗೆ ಕೊಟ್ಟರು. ಕೊರಳಿನ ವಿಸಲ್ ತೆಗೆದು ಊದಿದರು. ಕೈ ಎತ್ತಿ ಮೈದಾನದ ಸುತ್ತ ತೋರಿಸಿದರು.

"ಯಲ್ಲಾ," ಎಂದರು.

ಮೊದಲು ಓಡಿದ್ದು ಅಧ್ಯಕ್ಷರು. ಹೊಟ್ಟೆ ಕುಲುಕಿಸುತ್ತ, ತಲೆ ತಗ್ಗಿಸಿಕೊಂಡು ಓಡಿದರು. ಅವರ ಹಿಂದೆ ಬಿ.ಪಿ.ಯವರು, ಬೆನ್ನುನೋವಿನವರು, ನನ್ನ ಗಂಡ. ಅರ್ಧ ಸುತ್ತಿಗೆ ಯಾರೂ ನಿಲ್ಲಲಿಲ್ಲ. ಒಂದು ಸುತ್ತು ಮುಗಿಸಿ ಕ್ಯಾಪ್ಟನ್ ಎದುರು ಬಂದಾಗ ಸಾಕು ಎಂದು ಅವರು ಕೈ ಎತ್ತಲಿಲ್ಲ, ನಮ್ಮವರೂ ನಿಲ್ಲಿಸಲಿಲ್ಲ, ಇನ್ನೊಂದು ಸುತ್ತು ಹೊರಟರು. ಕ್ಯಾಪ್ಟನ್ ನಡುವೆ ನಿಂತು ತಿರುಗುತ್ತ ಅವರನ್ನೇ ನೋಡುತ್ತಿದ್ದರು. ನಾನು ಒಂದು ಕೈಯಲ್ಲಿ ಬನ್ಸಿನ ಡಬ್ಬಿ, ಇನ್ನೊಂದರಲ್ಲಿ ಪೇಟ ಹಿಡಿದು ನಿಂತಿದ್ದೆ, ಕಣ್ಣು ಒರೆಸಿಕೊಳ್ಳಲು ಕೈ ಇರಲಿಲ್ಲ. ಇದೇ ಓಟವನ್ನು ಇಷ್ಟು ಶುಕ್ರವಾರ ಇವರು ಓಡಬಹುದಿತ್ತು.